ಹದಿನೇಳನೆಯ ಒದೆ

ಆಗಸ್ಟ್. ಡಿಯೆಂಗ್ ದಿಣ್ಣೆಯ ಮೇಲೆ ಬೆಳಗಿನ ಜಾವ ಮೂರು.
ಆಲೂಗಡ್ಡೆ ಮಡಿಗಳ ಮೇಲೆಲ್ಲ ಬಿಳಿ ಬಿದ್ದಿದೆ.
ವಿಷದಿಬ್ಬನಿ ಅನ್ನುತ್ತಾರೆ ನಮ್ಮಲ್ಲಿ.
ಅದು ಮುಟ್ಟಿದ ಎಲೆ ಮಧ್ಯಾಹ್ನದೊಳಗೆ ಕರ್ರಗೆ.
ಎಲೆಯ ಗತಿಯೇ ಹೀಗಾದರೆ ಸ್ಕೂಟರಿನದ್ದೇನು?

ಅರವತ್ತೇಳರ ವೆಸ್ಪಾ. ಒಂದು ಕಾಲಕ್ಕೆ ಹಸಿರು.
ಕೊಟ್ಟ ಸಾಲದ ಬದಲಿಗೆ ಭಾವ ಬಿಟ್ಟುಹೋದದ್ದು,
ಜೊತೆಗೆ ಒಂದು ಮಾತು: 'ಇದು ಮೋಸ ಮಾಡಲ್ಲ, ವುರ್ಯಾನಿ.'
ಹಿಂದಿನ ಸೀಟಿಗೆ ಬಿಗಿದ ನಾಲ್ಕು ಫ್ಲಾಸ್ಕು ಕಾಫಿ,
ಡಬ್ಬಿಯಲ್ಲಿ ಟೆಂಪೆ ಬೋಂಡದ ಹಿಟ್ಟು,
ಈರುಳ್ಳಿ ಸೊಪ್ಪು, ಚಾಕು.
ದುಡ್ಡು ಕೊಟ್ಟು ಸೂರ್ಯನನ್ನು ನೋಡಲು ಬಂದವರ
ಹಲ್ಲು ಕಟಕಟ ಅನ್ನುವ ಹೊತ್ತಿಗೆ ಸರಿಯಾಗಿ
ನಾನು ಸಿಕುನೀರ್ ಗುಡ್ಡದ ಬುಡದಲ್ಲಿರಬೇಕು.
ಬಿಸಿಲು ಬಂದ ಮೇಲೆ ಯಾರಿಗೆ ಬೇಕು ನನ್ನ ಕಾಫಿ?

ಪೆಟ್ರೋಲ್ ನಲ್ಲಿ ತಿರುಗಿಸಿದೆ. ಚೋಕ್ ಎಳೆದೆ.
ಒಂದು. ಎರಡು. ಆರು.
ಜಪ್ಪಯ್ಯ ಅನ್ನಲಿಲ್ಲ.
ಕೆಮ್ಮಿದ್ದು ಕೇಳಿಸಿತು ಒಂದು ಸಲ,
ಅದೂ ನನ್ನದೇ.

ಪಕ್ಕದ ಮನೆಯ ಗಿಯಾರ್ತೊ ಬಂದ,
ಲುಂಗಿಯನ್ನು ಕತ್ತಿನ ತನಕ ಸುತ್ತಿಕೊಂಡು.
ತುಟಿಯಲ್ಲಿ ಲವಂಗದ ಸಿಗರೇಟು; ಹಚ್ಚಿರಲಿಲ್ಲ,
ಪೆಟ್ರೋಲಿಗೆ ಅಷ್ಟು ಮರ್ಯಾದೆ ಕೊಡುತ್ತಾನೆ.
'ವಾಸನೆ ಬರ್ತಿದೆಯಾ?'
'ಇಲ್ಲ.'
'ಹಾಗಾದರೆ ಹಸಿವು. ಅಜೀರ್ಣ ಅಲ್ಲ.'

ಪ್ಲಗ್ ಬಿಚ್ಚಿ ಬೆರಳಿಂದ ಸವರಿದ: ಒಣಗಿತ್ತು,
ಉಪವಾಸದ ತಿಂಗಳ ಮಧ್ಯಾಹ್ನದ ನಾಲಿಗೆಯ ಹಾಗೆ.
ಕಬ್ಬಿಣಕ್ಕೆ ತಾಗಿಸಿ ಹಿಡಿದು 'ಒದಿ' ಅಂದ. ಒದ್ದೆ. ಏಳು.
ನೀಲಿ ಕಿಡಿ ಹಾರಿತು, ಸಾಸಿವೆಯಷ್ಟು.
'ಜೀವ ಇದೆ,' ಅಂದ, ಡಾಕ್ಟರನ ಹಾಗಲ್ಲ,
ಸಾಲಗಾರನ ಮನೆಯಲ್ಲಿ ದೀಪ ಕಂಡವನ ಹಾಗೆ.

ಆಮೇಲೆ ವಾಲಿಸಿದೆವು. ಇಬ್ಬರೂ ಹಿಡಿದು,
ಎಂಜಿನ್ನಿನ ಮಗ್ಗುಲಿಗೆ, ನೆಲ ಮುಟ್ಟುವಷ್ಟು,
ತಲೆಗೆ ನೀರು ಹಾಕಿದ ಮೇಲೆ
ಮಗುವಿನ ಕಿವಿಯಿಂದ ನೀರು ಇಳಿಸುವ ಹಾಗೆ.
(ಫ್ಲಾಸ್ಕು ಬಿಚ್ಚಿಟ್ಟಿರಲಿಲ್ಲ. ಒಂದರ ಮುಚ್ಚಳ ಸಡಿಲ.
ಇಬ್ಬನಿಗೆ ಮೊದಲ ಗಿರಾಕಿಯ ಭಾಗ್ಯ.)
ಜಾವಾದಲ್ಲಿ ವೆಸ್ಪಾ ಕೆಟ್ಟರೆ ಎಲ್ಲರೂ ವಾಲಿಸುತ್ತಾರೆ.
ಯಾಕೆ ಅಂತ ಕೇಳಿದರೆ, ಅಪ್ಪ ವಾಲಿಸ್ತಿದ್ದ, ಅನ್ನುತ್ತಾರೆ.

ಹನ್ನೆರಡನೆಯ ಒದೆಗೆ ಒಂದು ಸಲ ಬೊಗಳಿತು.
ಮತ್ತೆ ಮೌನ. ಹದಿಮೂರು. ಹದಿನಾರು.
ಮೊಣಕಾಲು ಬೈಯತೊಡಗಿತು ಭಾವನನ್ನು.

'ಒಂದು ತುತ್ತು ಕೊಟ್ಟರೆ ತಿಂತು ನೋಡು,' ಅಂದ.
'ಇದಕ್ಕೆ ಯಾರೂ ಬಡಿಸ್ತಾ ಇಲ್ಲ.'
ಸೀಟು ಎತ್ತಿ ಒಳಗೆ ಕೈ ಹಾಕಿದ. ನನ್ನ ಬಾಯಲ್ಲಿ ಟಾರ್ಚು.
ಕಾರ್ಬ್ಯುರೇಟರಿನ ಪಕ್ಕದಲ್ಲಿ, ಧೂಳು ಹೊದ್ದು,
ಚೋಕಿನ ತಂತಿ ಕೊಕ್ಕೆಯಿಂದ ಜಾರಿ
ಆರಾಮಾಗಿ ಮಲಗಿತ್ತು.
ನಾನು ಎಳೆದಾಗೆಲ್ಲ ಹಿಡಿ ಬಂದಿತ್ತು ಕೈಗೆ,
ಸರಿಯಾಗಿ, ಟಕ್ ಅಂತ, ಪ್ರತಿ ಸಲವೂ.
ಕೆಳಗೆ ಏನೂ ತೆರೆದಿರಲಿಲ್ಲ.

'ಎಷ್ಟು ದಿನದಿಂದ ಹೀಗೆ?'
'ಯಾರಿಗೆ ಗೊತ್ತು. ಮಾರ್ಚಿನಲ್ಲಿ ಚೋಕ್ ಯಾಕೆ ಬೇಕು.'
ಭಾವ ಹೋದದ್ದೂ ಮಾರ್ಚಿನಲ್ಲೇ.
ಟಾರ್ಚು ಕಚ್ಚಿದ್ದರಿಂದ ಏನೂ ಅನ್ನಲಿಲ್ಲ.

ನನ್ನ ಚಾಕುವನ್ನೇ ತಗೊಂಡ. ತುದಿಯಿಂದ ತಂತಿ ಎತ್ತಿ,
ಕೊಕ್ಕೆಗೆ ಸಿಕ್ಕಿಸಿ, ಬೆನ್ನಿನಿಂದ ಬಗ್ಗಿಸಿ ಒತ್ತಿದ.
'ಈಗ ಎಳಿ.'
ಹಿಡಿ ಈ ಸಲ ಬಿಗಿಯಾಗಿ ಬಂತು, ಒಲ್ಲೆ ಅನ್ನುತ್ತಾ,
ಇನ್ನೊಂದು ತುದಿಯಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ.

ಹದಿನೇಳು.

ಬಿಳಿ ಹೊಗೆ, ಸುಟ್ಟೆಣ್ಣೆ, ನಾಲ್ಕು ಮನೆಯ ಕೋಳಿ ಒಟ್ಟಿಗೆ.
ಗಿಯಾರ್ತೊ ತಲೆ ವಾಲಿಸಿ ಕೇಳುತ್ತ ನಿಂತ.
'ಬಿಸಿಯಾಗಲಿ. ಆಮೇಲೆ ಚೋಕ್ ಒತ್ತು. ನಿಧಾನ.'
ದುಡ್ಡು ಮುಟ್ಟಲಿಲ್ಲ. ದೂರ ಹೋಗಿ ಸಿಗರೇಟು ಹಚ್ಚಿದ.

ತಲುಪಿದಾಗ ಬೆಟ್ಟದ ಅಂಚಿನಲ್ಲಿ ಕೆಂಪು ಗೆರೆ ಮೂಡಿತ್ತು.
ಮೂರು ಫ್ಲಾಸ್ಕು ಕಾಫಿ ಖರ್ಚಾಯಿತು; ನಾಲ್ಕನೆಯದರ ಕಥೆ ಹೇಳಿದೆನಲ್ಲ.
ಸೆಮರಾಂಗಿನಿಂದ ಬಂದ ಒಬ್ಬಳು ಬೋಂಡ ಕಚ್ಚಿ
ಮೂಸಿ ನೋಡಿದಳು: 'ಏನು ಹಾಕ್ತೀರಿ ಇದಕ್ಕೆ? ಬೇರೆ ಥರ ಇದೆ.'

ಚಾಕು ಎರಡು ಸಲ ತೊಳೆದಿದ್ದೆ.
'ನಮ್ಮ ಬೆಟ್ಟದ ಸೊಪ್ಪು,' ಅಂದೆ.
ಇನ್ನೂ ಎರಡು ಕೇಳಿದಳು.