ನಮೂನೆಯ ಆರನೇ ಕಲಂ

ಆರನೇ ಕಲಮಿನಲ್ಲಿ ಕಾಯಿಲೆಯ ಹೆಸರು ಬರೆಯಬೇಕು.
ಬೋರಲಿಂಗಯ್ಯ ಅದೊಂದನ್ನು ಖಾಲಿ ಬಿಟ್ಟು
ಉಳಿದದ್ದೆಲ್ಲ ತುಂಬಿ ತಂದಿದ್ದಾನೆ.
ಹುದ್ದೆ, ವೈರ್‌ಲೆಸ್ ಆಪರೇಟರ್. ಸೇವೆ, ಹತ್ತೊಂಬತ್ತು ವರ್ಷ.
ಸ್ಕ್ಯಾನಿನ ರಸೀದಿ, ಮಾತ್ರೆಯ ರಸೀದಿ,
ಮಂಡ್ಯದಿಂದ ಮೈಸೂರಿಗೆ ಹೋಗಿ ಬಂದ ರೈಲು ಟಿಕೀಟು,
ಮಡಿಸಿ ಮಡಿಸಿ ಹಳೇ ಬಟ್ಟೆಯಷ್ಟು ಮೆತ್ತಗಾಗಿವೆ.

"ಏನಂತ ಬರೀಲಿ ಮೇಡಂ?
ಕುಕ್ಕರ್ ಕೂಗೋಕ್ ಮುಂಚೆ ಒಂದು ಸದ್ದು ಬತ್ತದಲ್ಲ,
ಆ ಸದ್ದು. ಕೂಗೋದೇ ಇಲ್ಲ ಅದು."

ಕೂಗದ ಕುಕ್ಕರ್ ಅಂತ ಬರೆದರೆ
ಖಜಾನೆಯವರು ಆಕ್ಷೇಪಣೆ ಹಾಕುತ್ತಾರೆ.

ಮೊದಲು ಬಂದದ್ದು ಇವನಿಗೆ, ಹೊಸತೊಡಕಿನ ರಾತ್ರಿ.
ಊರೆಲ್ಲ ಬಾಡೂಟ ಉಂಡು ಮಲಗಿದ್ದಾಗ
ಮಹಡಿಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತವನನ್ನು
ಎಡಗಡೆಯಿಂದ ಯಾರೋ ತಳ್ಳಿದಂತಾಯಿತಂತೆ.
ತಿರುಗಿದರೆ ಗೋಡೆ. ಗೋಡೆಯ ಮೇಲೆ ಜಿಲ್ಲೆಯ ನಕಾಶೆ.
ಆಮೇಲೆ ಮುಬೀನಾ ತಾಜ್, ಟೈಪು ಮಾಡುತ್ತಿದ್ದಾಗಲೇ ಮೂಗಿನಿಂದ ರಕ್ತ,
ಎರಡು ಸಾಲಿನ ನಡುವೆ ಒಂದು ಹನಿ;
ಅರ್ಜೆಂಟೆಂದು ಆ ಪತ್ರವನ್ನು ಹಾಗೆಯೇ ರವಾನಿಸಿದರು.
ಆಮೇಲೆ ಡ್ರೈವರ್ ಕೆಂಪಾಚಾರಿ,
ನೂರಡಿ ರಸ್ತೆಯಲ್ಲಿ ಜೀಪು ನಿಲ್ಲಿಸಿ
ಸ್ವಂತ ಮಗಳ ಹೆಸರು ಮರೆತು ಕೂತಿದ್ದ.

ಮೂವರೂ ಅದೇ ಮಹಡಿ, ಅದೇ ಕಿಟಕಿಯ ಸಾಲು.
ನಾನು ಕೆಳಗಿನವಳು. ನನಗೆ ಮಂಡಿನೋವು ಮಾತ್ರ.

ಇವನ ತಾಯಿ, ಕೀಲಾರದ ಮುದುಕಿ,
"ಗಾಳಿ ಸೋಕದೆ ಕಣವ್ವ, ಸರೊತ್ನಲ್ಲಿ ಒಬ್ಬನೇ ಕುಂತಿರ್ತನೆ"
ಅಂತ ಪೊರಕೆ ಕಡ್ಡಿಯಲ್ಲಿ ನೀವಾಳಿಸಿದಳು.
ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ
ಕಿವಿ ಸರಿ, ಮಿದುಳು ಸರಿ, ಸ್ವಲ್ಪ ರಜೆ ಹಾಕಿ ಅಂದರು.
ರಜೆ ಕೊಡಬೇಕಾದ ಸಾಹೇಬರು ನಕ್ಕರು.
ಕೊನೆಗೆ ಎಲ್ಲಿಂದಲೋ ಇಬ್ಬರು ಬಂದರು,
ಗುರುತಿನ ಚೀಟಿಯನ್ನು ಅಂಗಿಯೊಳಗೆ ತೂರಿಸಿಕೊಂಡು,
ಕಪ್ಪು ಮೀಟರನ್ನು ಕೂಸಿನ ಹಾಗೆ ಎತ್ತಿಕೊಂಡು
ಕಿಟಕಿಯಿಂದ ಕಿಟಕಿಗೆ ಓಡಾಡಿದರು.
ಚಿಕ್ಕವನು ಮೆಟ್ಟಿಲ ಮೇಲೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು:
ಅಲೆಗಳಿರಬಹುದು. ಅಸ್ತ್ರವೂ ಇರಬಹುದು.
ಕಣ್ಣಿಗೆ ಕಾಣದು, ಗಾಯ ಬಿಡದು.

ಅದೇ ಗಾಳಿ,
ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿತ್ತು.

ಇರಲಿ. ಆದರೆ ಯಾರ ಅಸ್ತ್ರ?
ಮಂಡ್ಯಕ್ಕೆ ಗುರಿಯಿಟ್ಟವನು ಕದ್ದು ಕೇಳುವುದಾದರೂ ಏನನ್ನು?
ಕಬ್ಬಿನ ಟ್ರಾಕ್ಟರು ಮಗುಚಿತು, ನಾಲೆಯಲ್ಲಿ ಸ್ಕೂಟರು ಸಿಕ್ಕಿತು,
ಮಂತ್ರಿಗಳು ಮದ್ದೂರು ದಾಟಿದರು, ಓವರ್.

ಒಂದು ಸಂಗತಿ ಅವನು ಮೀಟರಿನವರಿಗೆ ಹೇಳಿಲ್ಲ.
ಆಸ್ಪತ್ರೆಗೆ ಹೋಗುವಾಗ, ರೈಲು
ಶ್ರೀರಂಗಪಟ್ಟಣದ ಸೇತುವೆಗೆ ಬಂದಾಗ
ಸದ್ದು ನಿಂತಿತಂತೆ.
ಪಕ್ಕದ ಹೆಂಗಸು ಹೊಳೆಗೆ ಕಾಸು ಎಸೆದದ್ದು,
ಅವಳ ಬಳೆ ಕಿಟಕಿಯ ಕಂಬಿಗೆ ತಾಕಿದ್ದು
ಬಿಡಿಬಿಡಿಯಾಗಿ ಕೇಳಿತಂತೆ.
ಸೇತುವೆ ಮುಗಿಯಿತು. ಮತ್ತೆ ಕುಕ್ಕರು.
ಬರುವಾಗ ಕೈಯಲ್ಲಿ ಕಾಸು ಹಿಡಿದೇ ಕಾದು ಕೂತಿದ್ದ.
ಏನೂ ನಿಲ್ಲಲಿಲ್ಲ.

ನಿನ್ನೆ ಸಂಜೆ ಮಹಡಿ ಹತ್ತಿ
ಅವನ ಕುರ್ಚಿಯಲ್ಲಿ ನಾನೇ ಕೂತು ನೋಡಿದೆ.
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ, ಫ್ಯಾನು, ಒಂದು ಹಲ್ಲಿ.
ಕುರ್ಚಿಯ ಎಡಗೈ ಮಾತ್ರ ಸವೆದು ಹೊಳೆಯುತ್ತಿತ್ತು,
ಹಿಡಿದು ಹಿಡಿದು.
ಹತ್ತು ನಿಮಿಷ ಏನೂ ಕೇಳಲಿಲ್ಲ.
ಆಮೇಲೆ ಕೇಳಿತೋ, ಕೇಳಲಿ ಅಂತ ನಾನೇ ಕಾದೆನೋ,
ಹೇಳಲಾರೆ.
ಮಂಡಿನೋವು ಮರೆತು ದಡದಡ ಇಳಿದುಬಂದೆ.

ಈಗ ಎದುರಿಗೆ ಕೂತಿದ್ದಾನೆ,
ತಲೆಯನ್ನು ತುಂಬಿದ ಕೊಡದ ಹಾಗೆ ಅಲುಗಿಸದೆ.
ಸುಳ್ಳು ಹೇಳುವವನಾಗಿದ್ದರೆ
ಬಿ.ಪಿ. ಅಂತ ಬರೆದು ಯಾವತ್ತೋ ದುಡ್ಡು ತಗೊಂಡಿರುತ್ತಿದ್ದ.
ಪೆನ್ನು ನಾನೇ ಎತ್ತಿಕೊಂಡೆ.
ಆರನೇ ಕಲಮಿನಲ್ಲಿ, ನೀಲಿ ಶಾಯಿಯಲ್ಲಿ,
ಸದ್ದು, ಅಂತ ಬರೆದೆ.
ಬರೆದದ್ದನ್ನು ಓದಿ ಹೇಳಿದೆ.

"ಇನ್ನೊಸಿ ಜೋರಾಗಿ ಹೇಳಿ ಮೇಡಂ," ಅಂದ.