ಟಣ್

ಮಶೀನಿನ ಕಾಲ್ಪಟ್ಟಿ ಒತ್ತಿದರ
ತುಸು ಸುಟ್ಟ ವಾಸನಿ, ಒಂದು ಗೆರಿ.
ಐದು ಕಡಕ್ ರೊಟ್ಟಿ ಒಳಗ,
ಇಡೀ ಅಕ್ಕಲಕೋಟಿ ಹೊರಗ.
ನಾಗಣಸೂರಿನ ಬಚತ ಗಟದ ಖೋಲಿಯೊಳಗ
ದಿನಕ್ಕ ನಾನೂರು ಸಲ ಹಿಂಗ
ಒಳಗು ಹೊರಗು ಬ್ಯಾರೆ ಮಾಡತೀನಿ.

ಕಲಿಸಲಿಕ್ಕೆ ಬಂದಾಕಿ ಸೊಲ್ಲಾಪುರದಾಕಿ,
ಕೊರಳಾಗ ಗುರುತಿನ ಚೀಟಿ, ಮಾತು ಮರಾಠಿ:
ಮಿಲ್ಟ್ರಿ ಸಲುವಾಗಿ ಹುಡುಕಿದ ವಿದ್ಯಾ ಬಾಯಿ ಇದು,
ಪದರಿನ ಮ್ಯಾಲೆ ಪದರು,
ಬೆಳಕು ಹೋಗಬಾರದು, ಹಸಿ ಸೇರಬಾರದು,
ಹಿಮದಾಗ ಒಗದರೂ ಊಟ ಊಟಾಗೇ ಇರಬೇಕು.

ನಾ ನಕ್ಕೆ. ಆ ಚೀಲ ನನಗ ಹೊಸದಲ್ಲ.

ಮಲಕಾರಿ ಕಾಕಾ ಸುಟ್ಟಿಗೆ ಬಂದಾಗೊಮ್ಮೆ
ಕರೀ ಟ್ರಂಕಿನ ತಳದಾಗ, ಉಣ್ಣಿ ಮೋಜಾದ ಅಡಿಗೆ,
ಹಸರು ಚೀಲ ಒಂದಿತ್ತು.
ಉಪ್ಪಿಟ್ಟು, ಅಂದ. ನಾವು ಆರು ಹುಡುಗರು
ಹಾವಾಡಿಗ ಬುಟ್ಟಿ ಬಿಚ್ಚತಾನ ಅನ್ನೂಹಂಗ ಸುತ್ತ ಕೂತಿವಿ.
ಹನ್ನೊಂದು ತಿಂಗಳ ಹಿಂದಿನ ಉಪ್ಪಿಟ್ಟು!
ಕರಿಬೇವು ಇನ್ನಾ ಕರಿಬೇವ ಇತ್ತು.

ರಾಚವ್ವ ಆಯಿ ಮಾತ್ರ ಒಲಿ ಬಿಟ್ಟು ಏಳಲಿಲ್ಲ.
ಮಾಡದಾಗಿನ ಥಪ್ಪಿಯಿಂದ ಒಂದು ರೊಟ್ಟಿ ತಗದು
ಉಗುರಿಲೆ ಬಡದಳು: ಟಣ್.
ದಸರಾದಾಗ ಬಡದದ್ದು. ಈಗ ಹೋಳಿ.
ನೀರು ಸತ್ತರ ರೊಟ್ಟಿ ಬದುಕತದ.
ನಿಮ್ಮ ಸಾಹೇಬರಿಗೆ ಇದನ್ನ ಯಾರು ಹೇಳಿದರೋ?

ಕಾಕಾ ನಕ್ಕ. ಆಮ್ಯಾಲೆ ನಗಲಿಲ್ಲ.
ಅಲ್ಲಿ ಬ್ಯಾಳಿ ಬೇಯೂದಿಲ್ಲವ್ವಾ.
ಮೊದಲು ನಾಲಿಗಿ ಸಾಯತದ, ಹಿಂದಿಂದ ಬೆರಳು.
ಹಸಿವೇ ಇರೂದಿಲ್ಲ, ತಿನ್ನು ಅಂತ ಹುಕುಂ ಇರತದ,
ತಿನ್ನದವನ ಹೆಸರು ಬರಕೋತಾರ.
ಮೈಸೂರಾಗ ಬಿಳೀ ಕೋಟಿನವರು ಕೂತು
ನಾಲಿಗಿ ಇಲ್ಲದವರಿಗೆ ಅಡಗಿ ಹೆಂಗ ಅಂತ
ಹುಳಿ ಅಳೀತಾರ, ಖಾರ ಅಳೀತಾರ.

ಆಯಿ ಎದ್ದು ಬಂದಳು. ಒಂದು ತುತ್ತು ತಿಂದಳು.
ಉಪ್ಪು ಹೆಚ್ಚಾಗ್ಯಾದ, ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
ಇರಲಿ. ಅಲ್ಲಿಗೆ ಬೇಕಾಗತದ.

ಕಾಕಾನ ಚೀಲದ ಮ್ಯಾಲೆ
ಮಾರಾಟಕ್ಕಿಲ್ಲ ಅಂತ ಬರದಿತ್ತು.
ಈಗ ಅದರ ತಮ್ಮಂದಿರು, ತಂಗ್ಯಾರು
ಎಸ್ಟಿ ಸ್ಟ್ಯಾಂಡಿನ ಎದುರು ಕಿರಾಣಿ ಅಂಗಡ್ಯಾಗ
ಶಾಂಪೂ ಸರದ ಬಾಜೂಕ ಜೋತು ಬಿದ್ದಾರ:
ಪಲಾವು, ರಾಜ್ಮಾ, ಅದೇ ಉಪ್ಪಿಟ್ಟು.
ಮಗಳು ಸುಗಲಾ ಸೊಲ್ಲಾಪುರದ ದವಾಖಾನ್ಯಾಗ ರಾತ್ರಿ ಪಾಳಿ.
ಎರಡು ಗಂಟೆಕ್ಕ, ಒಬ್ಬರು ಸತ್ತು ಒಬ್ಬರು ಹುಟ್ಟೂ ನಡುವ,
ಬಿಸಿನೀರಾಗ ಚೀಲ ಮುಳುಗಿಸಿ, ಬ್ಯಾಂಡೇಜಿನ ಕತ್ತರಿಲೆ ಕತ್ತರಿಸಿ
ನಿಂತಲ್ಲೇ ತಿಂತಾಳ.
ರುಚಿ ಹೆಂಗದ ಅಂದ್ರ
ಗೊತ್ತಾಗಲಿಲ್ಲವ್ವಾ ಅಂತಾಳ ಫೋನಿನಾಗ.
ಯಾರ ಜೋಡಿ ನಿನ್ನ ಯುದ್ಧ ಅಂತ ನಾ ಕೇಳಲಿಲ್ಲ.
ಶೇಂಗಾ ಚಟ್ನಿ ಕುಟ್ಟಿ ಕಳಿಸಿದೆ, ಬೆಳ್ಳುಳ್ಳಿ ಎರಡು ಹೆಚ್ಚ ಹಾಕಿ.

ನಮ್ಮದೂ ಗಡಿನ. ಬಂದೂಕಿಲ್ಲ, ಬೋರ್ಡ್ ಅದ.
ಚೀಟಿ ಮ್ಯಾಲೆ ಮರಾಠಿ, ಇಂಗ್ಲಿಷು, ಕರೀ ಗೆರಿಗಳ ಹಿಂಡು.
ಕನ್ನಡ ಎಲ್ಲಿ ಅಂದೆ. ಜಾಗಾ ಇಲ್ಲ ಬಾಯಿ, ಅಂದಳು.
ಇತ್ತು. ತಾರೀಖಿನ ಚೌಕದ ಕೆಳಗ, ಉಗುರಿನಷ್ಟು.
ಮೂರು ತಿಂಗಳು ಅಂತ ಠಸೆ ಹೊಡಿ ಅಂದಳು.
ನಮ್ಮ ಆಯಿದು ಹೆಚ್ಚು ಬಾಳತಿತ್ತು ಅಂದೆ.
ಆಯಿಗೆ ಸರ್ಟಿಫಿಕೇಟ್ ಅದ ಏನು?

ಠಸೆ ಹೊಡದೆ.

ಅವರು ಹೋದ ಮ್ಯಾಲೆ, ಸೀಲ್ ಮಾಡೂ ಮುಂಚೆ,
ಒಂದೊಂದು ರೊಟ್ಟಿ ಕಿವಿ ಹತ್ತರ ಹಿಡದು
ಉಗುರಿಲೆ ಬಡೀತೀನಿ.
ಟಣ್ ಅಂದ್ರ ಚೀಲಕ್ಕ.
ಟಪ್ ಅಂದ್ರ
ರಾತ್ರಿ ನನ್ನ ತಾಟಿಗೆ, ಪುಂಡಿಪಲ್ಲೆ ಜೋಡಿ.