ಬಲಗಾಲಿನ ಹನ್ನೊಂದು

ಕುದುರೆ ಪೊಲೀಸರ ಬೂಟು ಹೊಲಿಯುವುದು ಕಷ್ಟವಲ್ಲ,
ಒಳಗಿನ ಕಾಲನ್ನು ಹೊರಗೆ ತೆಗೆಯುವುದು ಕಷ್ಟ.
ಮೊಳಕಾಲುದ್ದದ ತೊಗಲ ಕೊಳವೆ. ಅದರ ತಳದಲ್ಲಿ
ಮರದ ಅಚ್ಚು, ನಾವು ಫರ್ಮ ಅನ್ನುತ್ತೇವೆ,
ಅಡ್ಡ ತಿರುಗಿದ ಕೂಸಿನ ಹಾಗೆ ಹಟ ಹಿಡಿದು ಕೂತಿರುತ್ತದೆ.
ಅಪ್ಪ ಬೂಟನ್ನು ತೊಡೆಗಳ ನಡುವೆ ಇರುಕಿ
ಕೊಕ್ಕೆ ಸಿಕ್ಕಿಸಿ ಎಳೆಯುತ್ತಿದ್ದ.
ಚರ್ರೆಂದರೆ ಹಿಮ್ಮಡಿಯ ಹೊಲಿಗೆ ಹೋಯಿತೆಂದೇ ಲೆಕ್ಕ,
ಎರಡು ದಿನದ ಕೂಲಿ ಅದರ ಹಿಂದೆ.

ಆಮೇಲೆ ಮಡಚುವ ಫರ್ಮ ಬಂತು, ಆಂಬೂರಿನಿಂದ.
ನಡುವೆ ಸೀಳು, ಸೀಳಿನೊಳಗೆ ಪಿನ್ನು, ಪಿನ್ನಿನ ಪಕ್ಕ ಸ್ಪ್ರಿಂಗು.
ಹಿಮ್ಮಡಿ ಮೇಲಕ್ಕೆ ಮಡಚಿದರೆ ಕಾಲು ಗಿಡ್ಡವಾಗಿ
ಸಲೀಸಾಗಿ ಜಾರಿ ಬರಬೇಕು.
ಬರುತ್ತಿತ್ತು, ನಿಜ. ಬರುವಾಗ ಟಪ್ಪೆಂದು ಬಾಯಿ ಮುಚ್ಚಿ
ಅಪ್ಪನ ಹೆಬ್ಬೆರಳ ಉಗುರನ್ನೂ ಕೇಳುತ್ತಿತ್ತು.

ನಲವತ್ತು ಜೊತೆ ಆಗುವಷ್ಟರಲ್ಲಿ ಪಿನ್ನಿನ ತೂತು
ಕೋಳಿಮೊಟ್ಟೆಯ ಆಕಾರ. ಹಿಮ್ಮಡಿ, ಅಲ್ಲಾಡುವ ಹಾಲುಹಲ್ಲು.
ಬೂಟು ಅರ್ಧ ನೂಲು ಮೋಟು.
ಅರ್ಧ ನೂಲು ಏನು ಮಹಾ ಅಂತೀರಿ.
ಕವಾಯತು ಮುಗಿಸಿ ಬಂದ ದಫೇದಾರ್ ಕೆಂಪಶೆಟ್ಟಿ
ಬೂಟು ಕಳಚಿ ಕಾಲ್ಬೆರಳು ತೋರಿಸಿದ, ಮಾತಾಡಲಿಲ್ಲ.
ಅವನ ಉಗುರೂ ಕಪ್ಪು, ಅಪ್ಪನದೂ ಕಪ್ಪು.

ಲಷ್ಕರ್ ಮೊಹಲ್ಲಾದ ನಮ್ಮ ಗೋಡೆಯ ತುಂಬ ಕಾಲುಗಳು,
ಹೆಸರು ಪೆನ್ಸಿಲಿನಲ್ಲಿ. ಸತ್ತವರವೂ ಇದ್ದವು.
ಯಾರ ಕಾಲಿಗೆ ಗರಗಸ ಹಾಕಲಿ?
ಮೂಲೆಯಲ್ಲೊಂದು ಜೊತೆ, ಹೆಸರಿಲ್ಲದ್ದು,
ಒಂದು ಮೊಳೆಯ ಗುರುತೂ ಇಲ್ಲದ್ದು.
"ಅದು ನಂದೇ ಕಣವ್ವ" ಅಂದ ಅಪ್ಪ.
ಮದುವೆಗೆ ಮುಂಚೆ ಕೆತ್ತಿಕೊಂಡಿದ್ದಂತೆ,
ಒಂದು ಜೊತೆಗಾಗುವಷ್ಟು ತೊಗಲು ಯಾವತ್ತೂ ಮಿಗಲಿಲ್ಲವಂತೆ.
"ಕುಯ್ಯಿ. ಬಲಗಾಲು ಸಾಕು. ಎಡಗಾಲು ಮುಟ್ಟಬೇಡ."

ಮೊದಲು ನೇರ ಕುಯ್ದೆ. ಅದೇ ಹಳೆಯ ಕಥೆ.
ಪಿನ್ನನ್ನು ಅವ್ವನ ಅಡಕತ್ತರಿಯಂತೆ ಅಂಚಿಗೆ ಒಯ್ದೆ,
ಬಾಯಿ ತೆರೆಯಿತು, ಮುಚ್ಚಲಿಲ್ಲ.
ತೂತಿಗೆ ಹಿತ್ತಾಳೆ ಬಳೆ ತೊಡಿಸಿದೆ, ಮರ ಸೀಳಿತು, ಅಂಟು ಮೆತ್ತಿದೆ.
ಯಜ್ಡಿ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪ
ಡಬ್ಬಿಯಲ್ಲಿ ಕೂಡಿಟ್ಟ ಕ್ಲಚ್ಚಿನ ಸ್ಪ್ರಿಂಗು ಹಾಕಿದೆ,
ಅದು ಹಾರಿ ಟೀ ಹುಡುಗನ ಲೋಟ ಒಡೆಯಿತು.
ಪ್ರತಿ ಸಲವೂ ಚೂರುಪಾರು ತೊಗಲು ಜೋಡಿಸಿ
ಎಳೆದು, ಹೊಲಿದು, ಒಣಗಿಸಿ, ತೆಗೆದೇ ನೋಡಬೇಕು.
ಖಾಲಿ ಫರ್ಮ ಸುಳ್ಳು ಹೇಳುತ್ತದೆ.

ಬೀಟೆಮರದೊಳಗೆ ನವಿಲು ಕೂರಿಸುವ ಜಬೀವುಲ್ಲಾ ಸಾಬರು
ಉಳಿ ಮಸೆಯಲು ತೊಗಲ ಚೂರು ಕೇಳಿಕೊಂಡು
ಮಂಡಿ ಮೊಹಲ್ಲಾದಿಂದ ಬಂದವರು
ಹತ್ತನೆಯದನ್ನು ತಿರುಗಿಸಿ ತಿರುಗಿಸಿ ನೋಡಿದರು.
"ನೇರ ಯಾಕಮ್ಮ ಕುಯ್ತೀಯ?
ಒಂದು ಮುಖ ಮಂಡಿಚಿಪ್ಪಾಗಲಿ, ಇನ್ನೊಂದು ಅದನ್ನು ಹಿಡಿವ ಅಂಗೈ."
ಉಗುರಿನಲ್ಲೇ ಮರದ ಮೇಲೆ ಅರ್ಧಚಂದ್ರ ಗೀರಿದರು.
ನವಿಲಿನ ಕುತ್ತಿಗೆ ಬಳಸುವ ಸಣ್ಣ ಗರಗಸದಲ್ಲಿ
ಇಬ್ಬರೂ ಕೂತು ಕುಯ್ದೆವು.
ಈಗ ಭಾರವನ್ನೆಲ್ಲ ಮರವೇ ಮರಕ್ಕೆ ಕೊಡುತ್ತದೆ.
ಪಿನ್ನಿಗೆ ಕೆಲಸವೇ ಇಲ್ಲ,
ಎರಡು ಮನೆಯವರನ್ನು ಅಗಲದಂತೆ ನೋಡಿಕೊಂಡರಾಯಿತು.

ಹನ್ನೊಂದನೆಯದನ್ನು ತೆಗೆಯುವ ದಿನ
ಅಂಗಡಿಯಲ್ಲಿ ಯಾರೂ ಕೆಮ್ಮಲಿಲ್ಲ.
ಹಿಮ್ಮಡಿ ಎತ್ತಿದೆ. ಟಪ್ಪೆನ್ನಲಿಲ್ಲ.
ಚಕ್ಕಳಮಕ್ಕಳ ಕೂತವರು ಏಳುವಾಗ ಮಂಡಿ ಮಾಡುವಷ್ಟು ಸದ್ದು,
ಫರ್ಮ ನನ್ನ ಕೈಯಲ್ಲಿತ್ತು.
ಬೂಟಿನೊಳಗೆ ಬೆರಳಾಡಿಸಿದೆ: ಹೊಲಿಗೆ ನೆಟ್ಟಗಿದೆ,
ಅಸ್ತರಿನಲ್ಲಿ ಒಂದು ಗೆರೆಯೂ ಇಲ್ಲ ಅಂದೆ.
ಒಂದು ಇತ್ತು, ಕೂದಲೆಳೆಯಷ್ಟು. ಹೇಳಲಿಲ್ಲ.
ಸಾಬರು ತೊಗಲ ಚೂರು ಮರೆತೇ ಹೋದರು.

ಅಪ್ಪ ಈಗ ಹನ್ನೊಂದು ಬೂಟಿನ ಧಣಿ, ಎಲ್ಲವೂ ಬಲಗಾಲಿನವು:
ಮೋಟು, ಉದ್ದ, ಹಿಮ್ಮಡಿ ಹರಿದದ್ದು, ಅಂಟು ಸೋರಿದ್ದು.
ಸಂಜೆ ಕೊನೆಯದನ್ನು ಏರಿಸಿಕೊಂಡ, ಕರಿ ಕಂದು ತೇಪೆಗಳದ್ದು.
ಎಡಗಾಲಿಗೆ ಅದೇ ಟೈರಿನ ಚಪ್ಪಲಿ.
ಗಲ್ಲಿಯ ತುದಿಯ ನಲ್ಲಿಯವರೆಗೂ ನಡೆದು ಬಂದ,
ಒಂದು ಹೆಜ್ಜೆ ದಫೇದಾರನದು, ಒಂದು ಅವನದು.

ಬಂದವನೇ ಗೋಡೆಯಿಂದ ಎಡಗಾಲು ಇಳಿಸಿ
ಧೂಳೊರೆಸಿ ನನ್ನ ಮುಂದಿಟ್ಟ.
"ಇದಕ್ಕೆ ಹನ್ನೊಂದು ಬೇಡ" ಅಂದ.